ಕಿತ್ತಳೆ ಮೊದಲು, ಕನ್ಸೀಲರ್ ಆಮೇಲೆ

  ಮದುವೆಯ ಕಾಲ ಬಂತೆಂದರೆ ಸಾಕು, ಛತ್ರದ ವಧುವಿನ ಕೋಣೆಗಳಲ್ಲಿ ಮತ್ತೆ ಅದೇ ಕೆಲಸ: ಕಣ್ಣಿನ ಕೆಳಗಿನ ಕಪ್ಪಿನ ಮೇಲೆ ಮೈಬಣ್ಣಕ್ಕಿಂತ ಎರಡು ಶೇಡ್ ತಿಳಿಯಾದ ಕನ್ಸೀಲರನ್ನು ತ್ರಿಕೋನವಾಗಿ ಮೆತ್ತುವುದು. ಹುಡುಗಿ ಮಂಟಪದ ಹಗಲು ಬೆಳಕಿಗೆ ಬಂದ ಕೂಡಲೇ ಆ ಜಾಗ ಬೂದಿ ಬಳಿದಂತೆ ಕಾಣುತ್ತದೆ. ತಿಳಿ ಕನ್ಸೀಲರ್ ಪಂಥದೊಂದಿಗೆ ನನ್ನ ಜಗಳ ಹಳೆಯದು.

ಬೂದು ಬಣ್ಣ ಬರುವುದಕ್ಕೆ ಕಾರಣ ಬೆಳಕಿನ ಸ್ವಭಾವದಲ್ಲಿದೆ. ತಿಳಿ ಶೇಡುಗಳಲ್ಲಿ ಹೆಚ್ಚಾಗಿರುವುದು ಟೈಟಾನಿಯಂ ಡೈಆಕ್ಸೈಡ್ ಎಂಬ ಬಿಳಿ ಪುಡಿ. ಕಪ್ಪಿನ ಮೇಲೆ ಬಿಳಿಯನ್ನು ತೆಳ್ಳಗೆ ಹರಡಿದರೆ ಅದು ನೀಲಿ ಬೆಳಕನ್ನು ಹೆಚ್ಚು ಚದುರಿಸಿ ನಮ್ಮತ್ತ ಕಳಿಸುತ್ತದೆ. ಕೆಂಪು ಬೆಳಕು ಅದನ್ನು ದಾಟಿ ಕೆಳಗಿನ ಕಪ್ಪಿನಲ್ಲಿ ಇಂಗಿಹೋಗುತ್ತದೆ. ಉಳಿಯುವುದು ನೀಲಿ ಬೆರೆತ ಬೂದು. ಅದನ್ನು ಮುಚ್ಚಲು ಇನ್ನೊಂದು ಪದರ, ಮೇಲೆ ಮತ್ತೊಂದು ಪದರ. ಹುಡುಗಿ ನಕ್ಕಾಗ ಗೆರೆಗೆರೆಯಾಗಿ ಬಿರುಕು. ಮೊದಲೇ ಕಿತ್ತಳೆ ಬಣ್ಣದ ಕರೆಕ್ಟರ್ ಹಚ್ಚಿದ್ದರೆ ಅದು ಆ ನೀಲಿಯನ್ನು ನುಂಗುತ್ತಿತ್ತು. ಮೇಲೆ ಕೆನ್ನೆಯ ಬಣ್ಣದ್ದೇ ಕನ್ಸೀಲರ್ ಸ್ವಲ್ಪ ತಟ್ಟಿದ್ದರೆ ಸಾಕಿತ್ತು.

ಈ ವಿಷಯದಲ್ಲಿ ನನಗೆ ಗುರು ಮಿಷೆಲ್ ಯುಜೀನ್ ಶೆವ್ರಲ್. ಫ್ರಾನ್ಸಿನ ರಸಾಯನಶಾಸ್ತ್ರಜ್ಞ, 1786ರಲ್ಲಿ ಹುಟ್ಟಿ ನೂರೆರಡು ವರ್ಷ ಬದುಕಿದವನು. ಪ್ಯಾರಿಸಿನ ಗೊಬ್ಲಾ ಚಿತ್ರನೇಯ್ಗೆ ಕಾರ್ಖಾನೆಯಲ್ಲಿ ಬಣ್ಣ ಹಾಕುವ ವಿಭಾಗ ಅವನ ಕೈಯಲ್ಲಿತ್ತು. ಕಪ್ಪು ನೂಲು ಮಂಕಾಗಿ ಕಾಣುತ್ತದೆಂದು ದೂರು ಬಂತು. ಪರೀಕ್ಷಿಸಿದರೆ ನೂಲಿಗೆ ಹಾಕಿದ ಬಣ್ಣದಲ್ಲಿ ದೋಷವೇ ಇಲ್ಲ. ಪಕ್ಕದಲ್ಲಿ ನೇಯ್ದ ಬೇರೆ ಬಣ್ಣಗಳು ಅದನ್ನು ಮಂಕು ಮಾಡಿದ್ದವು. ಅಲ್ಲಿಂದ ಹೊರಟ ಅವನ ವಿಚಾರ 1839ರಲ್ಲಿ ದೊಡ್ಡ ಪುಸ್ತಕವಾಯಿತು. ನೀಲಿ, ಕಿತ್ತಳೆಯಂಥ ಎದುರು ಬಣ್ಣಗಳು ಅಕ್ಕಪಕ್ಕ ಕೂತರೆ ಒಂದನ್ನೊಂದು ಎತ್ತಿ ತೋರಿಸುತ್ತವೆ, ಬೆರೆತರೆ ಒಂದನ್ನೊಂದು ಅಡಗಿಸುತ್ತವೆ. ಕರೆಕ್ಟರಿನ ವಿದ್ಯೆಯೆಲ್ಲ ಇಷ್ಟರಲ್ಲೇ ಇದೆ. ಕಪ್ಪಿರುವ ಕಡೆ ಮಾತ್ರ ಕಿತ್ತಳೆ ಹಚ್ಚಿದರೆ ಕಪ್ಪು ಅಡಗುತ್ತದೆ. ಅಂಚು ಮೀರಿ ಕೆನ್ನೆಗಿಳಿದರೆ ಕಿತ್ತಳೆಯೂ ಎದ್ದು ಕಾಣುತ್ತದೆ, ಅದರ ಪಕ್ಕದ ಕಪ್ಪೂ ಎದ್ದು ಕಾಣುತ್ತದೆ. ತ್ರಿಕೋನ ಬರೆಯುವವರು ಶೆವ್ರಲ್‌ನನ್ನು ಓದಬೇಕು.

2015ರಲ್ಲಿ ದೀಪಿಕಾ ಮುತ್ಯಾಲ ಎಂಬ ಭಾರತೀಯ ಮೂಲದ ಅಮೆರಿಕನ್ ಯುವತಿ ಕಣ್ಣಿನ ಕೆಳಗೆ ಕೆಂಪು ಲಿಪ್‌ಸ್ಟಿಕ್ ಹಚ್ಚಿ ತೋರಿಸಿದ ವಿಡಿಯೊ ಲೋಕವೆಲ್ಲ ಸುತ್ತಿತು. ಎಷ್ಟೋ ಜನ ಅದನ್ನು ಹೊಸ ಶೋಧ ಎಂದರು. ನನಗೆ ನೆನಪಾದದ್ದು ಯಕ್ಷಗಾನದ ಚೌಕಿ, ಕಲಾವಿದರು ಬಣ್ಣ ಹಚ್ಚಿಕೊಳ್ಳುವ ಜಾಗ.

ಕರಾವಳಿಯ ಬಣ್ಣಗಾರಿಕೆಯಲ್ಲಿ ಹಿಂದೆ ಮುಖಕ್ಕೆ ಬರೀ ಬಿಳಿ ಸಫೇದ ಬಳಿಯುತ್ತಿರಲಿಲ್ಲ. ಅದಕ್ಕೆ ಅರದಾಳದ ಹಳದಿ, ಇಂಗಳೀಕದ ಕೆಂಪು ಸೇರಿಸಿ, ತೆಂಗಿನೆಣ್ಣೆಯಲ್ಲಿ ಕಲಸಿ ಮುಖದ ತುಂಬ ಸವರಿಕೊಳ್ಳುತ್ತಿದ್ದರು. ಹಳದಿಗೆ ಕೆಂಪು ಸೇರಿದರೆ ಕಿತ್ತಳೆಯೇ ತಾನೆ? ಬಿಸಿಲಲ್ಲಿ ದುಡಿದ ಮುಖದ ಮೇಲೆ ಬರೀ ಬಿಳಿ ಬೂದುಗಟ್ಟುತ್ತದೆ, ಬೆಚ್ಚನೆಯ ಬಣ್ಣ ಬೆರೆತರೆ ಮುಖ ಜೀವಂತವಾಗಿರುತ್ತದೆ. ತಮ್ಮ ಮುಖಕ್ಕೆ ತಾವೇ ಬಣ್ಣ ಬರೆದುಕೊಳ್ಳುತ್ತಿದ್ದ ಆ ಕಲಾವಿದರ ಕೈಗೆ ಇದು ಗೊತ್ತಿತ್ತು. ನಮ್ಮ ಮೈಬಣ್ಣವನ್ನು ಅರಿತ ಇಂಥ ವಿದ್ಯೆ ನಮ್ಮಲ್ಲೇ ಇದ್ದಾಗ ಎರಡು ಶೇಡ್ ತಿಳಿಯ ಹಟ ಯಾಕೆ? ಬೆಳ್ಳಗಾಗಬೇಕೆಂಬ ಆಸೆ ಕಣ್ಣಿನ ಕೆಳಗೂ ಬಂದು ಕೂತಿದೆ, ಅಷ್ಟೆ. (ಅರದಾಳದಲ್ಲಿ ಆರ್ಸೆನಿಕ್ ಇದೆ, ಇಂಗಳೀಕದಲ್ಲಿ ಪಾದರಸ. ಅವನ್ನು ಮನೆಯಲ್ಲಿ ಯಾರೂ ಹಚ್ಚಿ ನೋಡಬೇಡಿ.)

ಎಲ್ಲರಿಗೂ ಒಂದೇ ಕಿತ್ತಳೆ ಹೊಂದುವುದಿಲ್ಲ. ಬಿಳಿ ಮೈಗೆ ಗುಲಾಬಿ ಬೆರೆತ ಪೀಚ್, ಗೋಧಿ ಬಣ್ಣಕ್ಕೆ ಕಿತ್ತಳೆಗೆ ವಾಲಿದ ಪೀಚ್, ಎಣ್ಣೆಗಪ್ಪಿಗೆ ಇಟ್ಟಿಗೆಗೆಂಪಿನ ತನಕ ಹೋಗಬಹುದು. ಅದಕ್ಕೂ ಮೊದಲು ಕಪ್ಪು ಯಾವ ಜಾತಿಯದೆಂದು ತಿಳಿಯಬೇಕು. ರೆಪ್ಪೆಯ ಕೆಳಗಿನ ಚರ್ಮವನ್ನು ಬೆರಳಿನಿಂದ ಮೆಲ್ಲಗೆ ಎಳೆದು ನೋಡಿ. ಕಂದು ಹಾಗೇ ಉಳಿದರೆ ಅದು ಚರ್ಮದ್ದೇ ಬಣ್ಣ. ನೇರಳೆ ಇನ್ನೂ ಗಾಢವಾದರೆ ತೆಳು ಚರ್ಮದಡಿಯ ರಕ್ತನಾಳಗಳದ್ದು. ಕಿಟಕಿಗೆ ಎದುರಾಗಿ ನಿಂತು ಗಲ್ಲ ಎತ್ತಿದಾಗ ಕಪ್ಪು ಮಾಯವಾದರೆ ಅದು ಕಣ್ಣಿನ ಕುಳಿಯ ನೆರಳು, ಅದಕ್ಕೆ ಕರೆಕ್ಟರಿನಿಂದ ಹೆಚ್ಚು ಉಪಯೋಗವಿಲ್ಲ. ಅನೇಕರಲ್ಲಿ ಮೂರೂ ಬೆರೆತಿರುತ್ತವೆ. ನಮ್ಮವರಲ್ಲಿ ಚರ್ಮದ ಕಂದು ಎಷ್ಟೋ ಸಲ ಅಮ್ಮನಿಂದ ಮಗಳಿಗೆ ಬಂದದ್ದು, ಎಷ್ಟು ನಿದ್ದೆ ಮಾಡಿದರೂ ಹೋಗುವುದಿಲ್ಲ. ಹಾಗಾಗಿ ‘ರಾತ್ರಿ ನಿದ್ದೆ ಮಾಡಲಿಲ್ವಾ?’ ಎಂದು ಅಂಥವರನ್ನು ಕೇಳುವುದನ್ನು ಬಿಡೋಣ.

ಕರೆಕ್ಟರಿನ ಅಳತೆ ಒಂದು ಕಣ್ಣಿಗೆ ಅಕ್ಕಿಕಾಳಿನಷ್ಟು. ಉಂಗುರದ ಬೆರಳಿನಿಂದ ತಟ್ಟಬೇಕು, ಉಜ್ಜಬಾರದು. ಅದು ಕೂತ ಮೇಲೆ ಕನ್ಸೀಲರ್.

ಮದುವೆ ಗೊತ್ತಾಗಿರುವ ಹುಡುಗಿಯರಿಗೆ ಒಂದು ವಿನಂತಿ. ಮುಹೂರ್ತದ ಮೇಕಪ್ ನಡೆಯುವುದು ನಸುಕಿನಲ್ಲಿ, ಹಳದಿ ಬಲ್ಬಿನ ಕೆಳಗೆ. ಆ ಬೆಳಕಿನಲ್ಲಿ ನೀಲಿ ಕಡಿಮೆ, ಬೂದು ಕಾಣುವುದೇ ಇಲ್ಲ. ಅದಕ್ಕೇ ಮದುವೆಗೆ ಮುಂಚೆ ಟ್ರಯಲ್ ಮಾಡಿಸುವಾಗ ಬ್ಯೂಟಿಷಿಯನ್‌ಗೆ ಹೇಳಿ, ಹಗಲಿನಲ್ಲಿ, ಕಿಟಕಿಯ ಪಕ್ಕ ಕೂರಿಸಿಕೊಂಡು ಮಾಡಲಿ. ಒಪ್ಪದಿದ್ದರೆ ಬೇರೆ ಬ್ಯೂಟಿಷಿಯನ್ ನೋಡಿ.