ಮಂದಣ್ಣನ ಹೆಸರು ಯಾವ ಪುಟದಲ್ಲಿದೆ?

ಕಳೆದ ಬೇಸಿಗೆಯಲ್ಲಿ ತಮ್ಮನ ಮಗ ಒಂದು ಕಂತೆ ಪ್ರಿಂಟ್‌ಔಟ್ ತಂದು ನನ್ನ ಮೇಜಿನ ಮೇಲಿಟ್ಟ. ಅವನು ಓದುತ್ತಿರುವುದು ಕಂಪ್ಯೂಟರ್ ಸೈನ್ಸ್. ಪ್ರಾಜೆಕ್ಟಿಗೆ ಆರಿಸಿಕೊಂಡದ್ದು ಮಂಗನ ಕಾಯಿಲೆ. ಕಾಯಿಲೆ ಮುಂದೆ ಎಲ್ಲಿ ಕಾಣಿಸಿಕೊಳ್ಳಬಹುದು ಎಂದು ಲೆಕ್ಕ ಹಾಕಿ ಹೇಳುವ ನಕ್ಷೆಗಳ ಬಗ್ಗೆ ಅವನ ಕೆಲಸ. "ದೊಡ್ಡಪ್ಪ, ಇವುಗಳ ಸಾರಾಂಶ ಕನ್ನಡದಲ್ಲಿ ಎರಡು ಪುಟ ಮಾಡಿಕೊಡಿ, ಊರಲ್ಲಿ ಹಂಚಬೇಕು" ಎಂದ. ಮೂವತ್ತು ವರ್ಷ ಕನ್ನಡ ಪಾಠ ಹೇಳಿದವನು ನಾನು, ಎರಡು ಪುಟ ತಾನೆ ಎಂದು ಒಪ್ಪಿಕೊಂಡೆ. ಎರಡು ವಾರ ಹಿಡಿಯಿತು.

ತಡವಾದದ್ದು ಪಾರಿಭಾಷಿಕ ಪದಗಳಿಂದಲ್ಲ. ವೈರಸ್ಸಿಗೆ ವೈರಸ್ ಎಂದರಾಯಿತು, ಉಣ್ಣೆಗೆ ನಮ್ಮಲ್ಲಿ ಉಣ್ಣೆ ಎಂಬ ಮಾತು ಇದ್ದೇ ಇದೆ. ಕಷ್ಟವಾದದ್ದು ಕ್ರಿಯಾಪದ. ಸಂಗ್ರಹಿಸಲಾಯಿತು, ಪರೀಕ್ಷಿಸಲಾಯಿತು, ವಿಶ್ಲೇಷಿಸಲಾಯಿತು, ಕಂಡುಕೊಳ್ಳಲಾಯಿತು. ನಾಲ್ಕು ಸಾಲು ಬರೆಯುವಷ್ಟರಲ್ಲಿ ಯಾರೂ ಇಲ್ಲದ ಊರಿಗೆ ಬಂದ ಹಾಗಾಯಿತು. ಕನ್ನಡದ ಮಾತಿನಲ್ಲಿ ಕರ್ಮಣಿ ಪ್ರಯೋಗ ಇಲ್ಲವೆನ್ನುವಷ್ಟು ಕಡಿಮೆ. 'ಅಡಿಗೆ ಮಾಡಲ್ಪಟ್ಟಿತು' ಎಂದು ಯಾವ ಮನೆಯಲ್ಲೂ ಯಾರೂ ಹೇಳುವುದಿಲ್ಲ. 'ಅಡಿಗೆ ಆಯ್ತು' ಎನ್ನುತ್ತೇವೆ. (ಅಲ್ಲೂ ಮಾಡಿದವಳು ಕಾಣುವುದಿಲ್ಲ, ಅದು ಬೇರೆ ಮಾತು.)

'ಉಣ್ಣೆಗಳನ್ನು ಸಂಗ್ರಹಿಸಲಾಯಿತು' ಎಂಬ ಬಗೆಯ ವಾಕ್ಯವನ್ನೇ ತೆಗೆದುಕೊಳ್ಳಿ. ಉಣ್ಣೆ ಸಂಗ್ರಹಿಸುವುದು ಹೇಗೆ ಗೊತ್ತೆ? ಬಿಳಿ ಬಟ್ಟೆಯೊಂದನ್ನು ಕಾಡಿನ ತರಗೆಲೆಯ ಮೇಲೆ ಎಳೆದುಕೊಂಡು ಹೋಗುತ್ತಾರೆ. ಎಲೆಯ ಮೇಲೆ ಕಾದು ಕುಳಿತ ಉಣ್ಣೆಮರಿಗಳು, ದನವೋ ಮಂಗವೋ ಬಂತೆಂದುಕೊಂಡು ಬಟ್ಟೆಗೆ ಹತ್ತುತ್ತವೆ. ಅವನ್ನು ಹೆಕ್ಕಿ ಸೀಸೆಗೆ ಹಾಕಬೇಕು. ಬಟ್ಟೆ ಎಳೆಯುವವನ ಕಾಲೂ ಅದೇ ತರಗೆಲೆಯ ಮೇಲಿರುತ್ತದೆ. ಈ ವೈರಸ್ ಕಾಡಿಗೆ ಹೋದವರಿಗಷ್ಟೇ ಅಲ್ಲ, ಪ್ರಯೋಗಾಲಯದಲ್ಲಿ ಕೆಲಸ ಮಾಡಿದವರಿಗೂ ಅಂಟಿದೆ. ಇಷ್ಟೆಲ್ಲ ಆ '-ಲಾಯಿತು' ಎಂಬ ಬಾಲದೊಳಗೆ ಮಡಚಿಕೊಂಡಿದೆ.

ಆಗ ನೆನಪಾದದ್ದು 'ಕರ್ವಾಲೊ'. 1980ರಲ್ಲಿ ಬಂದ ತೇಜಸ್ವಿಯವರ ಈ ಕಾದಂಬರಿಯನ್ನು ನಾನು ತರಗತಿಯಲ್ಲಿ ಎಷ್ಟು ಸಲ ಪಾಠ ಮಾಡಿದ್ದೇನೋ ಲೆಕ್ಕವಿಲ್ಲ. ವಿಕಾಸದ ರಹಸ್ಯ, ಹಾರುವ ಓತಿ, ಕೊನೆಗೆ ಕೈಗೆ ಸಿಗದೆ ಹೋಗುವ ಸತ್ಯ ಎಂದೆಲ್ಲ ಹೇಳಿದ್ದೇನೆ. ಆದರೆ ಅದನ್ನು ಸಂಶೋಧನೆಯ ಒಳಗಿನ ಸಂಬಂಧಗಳ ಕಥೆಯಾಗಿ ಓದಿದ್ದು ಈಗಲೇ. ಊರಿನ ಕಣ್ಣಿಗೆ ಮಂದಣ್ಣ ಕೆಲಸಕ್ಕೆ ಬಾರದ ಉಂಡಾಡಿ. ಕರ್ವಾಲೊರ ಕಣ್ಣಿಗೆ ಅವನು ಹುಟ್ಟು ನಿಸರ್ಗತಜ್ಞ. ಓತಿಯನ್ನು ಕಂಡವನು ಅವನು. ವಿಜ್ಞಾನಿಯ ಹತ್ತಿರ ಇದ್ದದ್ದು ಕಂಡದ್ದರ ಬೆಲೆ ತಿಳಿಯುವ ವಿದ್ಯೆ. ಒಬ್ಬನಿಲ್ಲದೆ ಇನ್ನೊಬ್ಬನ ಕೆಲಸ ನಡೆಯುವುದಿಲ್ಲ. ಹಾಗಿದ್ದೂ ತೇಜಸ್ವಿಯವರು ಪುಸ್ತಕಕ್ಕೆ ಇಟ್ಟದ್ದು ವಿಜ್ಞಾನಿಯ ಹೆಸರನ್ನೇ. ಇದನ್ನು ಅವರ ಮೇಲಿನ ದೂರಾಗಿ ಹೇಳುತ್ತಿಲ್ಲ. ಆದರೆ ಮಂದಣ್ಣನನ್ನು ಅಷ್ಟು ಪ್ರೀತಿಯಿಂದ ಬರೆದ ಕಾದಂಬರಿಗೇ ಹೀಗಾದರೆ, ಸಂಶೋಧನಾ ಪ್ರಬಂಧಕ್ಕೆ ಏನಾದೀತು ಎಂಬ ಕುತೂಹಲದಿಂದ ಆ ಕಂತೆಯನ್ನು ಮತ್ತೆ ಮೊದಲಿಂದ ಓದಿದೆ.

ಕಥೆ ಶುರುವಾಗುವುದು 1957ರಲ್ಲಿ, ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನ ಆಸುಪಾಸಿನಲ್ಲಿ. ಮಂಗಗಳು, ಮುಸುವಗಳು ಸತ್ತು ಬೀಳುತ್ತಿದ್ದವು. ಹಿಂದೆಯೇ ಜನರಿಗೆ ವಿಪರೀತ ಜ್ವರ, ರಕ್ತಸ್ರಾವ. ಪುಣೆಯ ವೈರಸ್ ಸಂಶೋಧನಾ ಕೇಂದ್ರದವರು ಬಂದರು. ಮಂಗ ಸಾಯುತ್ತಿದೆ ಎಂದರೆ ಹಳದಿ ಜ್ವರವೇ ಇಂಡಿಯಾಕ್ಕೆ ಬಂತೇನೋ ಎಂಬ ಹೆದರಿಕೆ. ಸಿಕ್ಕಿದ್ದು ಬೇರೆ: ರಷ್ಯಾದ ಕಾಡುಗಳಲ್ಲಿ ಉಣ್ಣೆಗಳಿಂದ ಹರಡುವ ವೈರಸ್ಸಿನ ಕುಲಕ್ಕೆ ಸೇರಿದ ಹೊಸದೊಂದು ವೈರಸ್. ಸೈಬೀರಿಯಾದಿಂದ ಹಕ್ಕಿಗಳು ಉಣ್ಣೆ ಹೊತ್ತು ತಂದವೇ ಎಂಬ ಅನುಮಾನವೂ ಎದ್ದು, ಸಲೀಂ ಅಲಿಯವರ ಹಕ್ಕಿಕಾಲಿಗೆ ಉಂಗುರ ಹಾಕುವ ಯೋಜನೆಗೆ ಅದೂ ಒಂದು ಕಾರಣವಾಯಿತು.

ಹೆಸರಿನ ವಿಷಯಕ್ಕೆ ಬರೋಣ. ವಿಜ್ಞಾನಿಗಳು ಕಾಯಿಲೆಗೆ ಕಾಡಿನ ಹೆಸರಿಟ್ಟರು, ಜನ ಮಂಗನ ಹೆಸರಿಟ್ಟರು. ಜನರ ಮಾತೇ ಸರಿ ಎಂದು ಹೇಳಿಬಿಡುವ ಚಪಲ ನನ್ನಂಥವರಿಗೆ ಜಾಸ್ತಿ. ಇಲ್ಲಿ ಹಾಗಾಗುವುದಿಲ್ಲ. ಮಂಗ ಈ ಕಾಯಿಲೆಗೆ ಮನುಷ್ಯನಷ್ಟೇ ಬಲಿ. ಅದು ಸತ್ತಾಗ ಮೈಮೇಲಿನ ಉಣ್ಣೆಗಳು ಸುತ್ತಲ ನೆಲಕ್ಕೆ ಚದುರುತ್ತವೆ, ಆ ಜಾಗ ಅಪಾಯದ್ದಾಗುತ್ತದೆ. ಸತ್ತ ಮಂಗ ನಮಗೆ ಸುದ್ದಿ ತರುವುದು. ನಾವು ಸುದ್ದಿ ತಂದವನ ಮೇಲೇ ಅಪವಾದ ಹೊರಿಸಿದ್ದೇವೆ. 'ಕ್ಯಾಸನೂರು' ಎಂಬ ಹೆಸರೂ ಅಷ್ಟೇ ಅನ್ಯಾಯದ್ದು. 2012ರ ಹೊತ್ತಿಗೆ ಕಾಯಿಲೆ ಬಂಡೀಪುರದಲ್ಲಿತ್ತು, ಆಮೇಲೆ ವಯನಾಡು, ಗೋವಾ, ಸಿಂಧುದುರ್ಗ. ಇಂದಿಗೂ ಒಂದು ಊರಿನವರು ಅದರ ಹೆಸರು ಹೊತ್ತಿದ್ದಾರೆ.

ಕಂತೆಯಲ್ಲಿ ನನಗೆ ಬಹಳ ಹಿಡಿಸಿದ್ದು 1969ರ ಒಂದು ಲೇಖನ. ಬರೆದವರು ಹೋರ್ಹೆ ಬೊಶೆಲ್, ಕೊಲಂಬಿಯಾದವರು. ಅಲ್ಲಿನ ಕಾಡುಗಳಲ್ಲಿ ಹಳದಿ ಜ್ವರದ ಜಾಡು ಹಿಡಿದವರು. ಮರದ ನೆತ್ತಿಯಲ್ಲಿರುವ ಸೊಳ್ಳೆಗಳು, ಮರ ಕಡಿದುರುಳಿಸಿದಾಗ ಮನುಷ್ಯನ ಎತ್ತರಕ್ಕೆ ಇಳಿದುಬರುವುದನ್ನು ನೋಡಿದ್ದವರು. ಅದೇ ಕಣ್ಣು ಇಟ್ಟುಕೊಂಡು ಮಲೆನಾಡನ್ನು ನೋಡಿದರು. ಅವರ ವಾದ ಸ್ಥೂಲವಾಗಿ ಇಷ್ಟು: ವೈರಸ್ ಮೊದಲಿಂದಲೂ ಕಾಡಿನಲ್ಲಿ ತಣ್ಣಗೆ ಇದ್ದಿರಬೇಕು, ಜನ ಹೆಚ್ಚಿದರು, ಕಾಡಿನ ಒಳಗೊಳಗೇ ಗದ್ದೆ ಮಾಡಿದರು, ದನಗಳನ್ನು ಮೇಯಲು ಬಿಟ್ಟರು, ದನದ ರಕ್ತ ಕುಡಿದು ಉಣ್ಣೆಗಳ ಸಂತಾನ ಬೆಳೆಯಿತು. ಇದರಲ್ಲಿ ಕರ್ತೃ ಇದ್ದಾನೆ. ಗದ್ದೆ ಮಾಡುವವನು, ದನ ಅಟ್ಟುವವನು ಕಾಣುತ್ತಾನೆ. ನನ್ನ ತಕರಾರು ಬೇರೆ ಕಡೆ ಇದೆ. ಕಾಣುವ ಮನುಷ್ಯ ಬರೀ ರೈತ. 1980ರ ದಶಕದ ಆರಂಭದಲ್ಲಿ ಬೆಳ್ತಂಗಡಿಯ ಕಡೆ ಗೇರು ತೋಪಿಗಾಗಿ ಕಾಡನ್ನು ಸವರಿದ ಮೇಲೆ ಕಾಯಿಲೆ ಭೀಕರವಾಗಿ ಎರಗಿತು. ಅದು ನಾಲ್ಕು ದನ ಕಟ್ಟಿದವನ ನಿರ್ಧಾರವಾಗಿರಲಿಲ್ಲ.

ಇನ್ನೊಂದು 2020ರದ್ದು, ಬೆಥನ್ ಪರ್ಸ್ ಮತ್ತು ಹಲವರು ಸೇರಿ ಬರೆದದ್ದು. ಇಲ್ಲಿ ವೈದ್ಯ, ಪರಿಸರ, ಗಣಕ ಮೂರೂ ಒಂದೇ ಹಾಳೆಯ ಮೇಲೆ ಬಂದಿವೆ. ಉಪಗ್ರಹದ ಚಿತ್ರದಿಂದ ಕಾಡಿನ ಬಗೆ, ಜಾನುವಾರು ಗಣತಿ, ಕಾಯಿಲೆ ಬಂದ ಊರುಗಳು: ಎಲ್ಲವನ್ನೂ ಗಣಕಕ್ಕೆ ಉಣಿಸಿ ಅಪಾಯದ ನಕ್ಷೆ ತೆಗೆದಿದ್ದಾರೆ. ಏನನ್ನು ಉಣಿಸಬೇಕು ಎಂಬುದನ್ನು ಆರೋಗ್ಯ, ಪಶುವೈದ್ಯ, ಅರಣ್ಯ ಇಲಾಖೆಗಳವರ ಜೊತೆ ಕೂತು ನಿರ್ಧರಿಸಿದ್ದು ಇದರ ಹೆಚ್ಚುಗಾರಿಕೆ. ಮಂದಣ್ಣನಿಗಲ್ಲದಿದ್ದರೂ ಫಾರೆಸ್ಟ್‌ನವರಿಗೆ ಕುರ್ಚಿ ಸಿಕ್ಕಿತು ಅನ್ನಿ. ಕಂಡದ್ದು: ನಿತ್ಯಹಸಿರು ಕಾಡೂ ನೆಡುತೋಪೂ ಬೆರೆತಿರುವಲ್ಲಿ, ನಾಡತಳಿಯ ದನ ಹೆಚ್ಚಿರುವಲ್ಲಿ ಅಪಾಯ ಹೆಚ್ಚು.

ನಕ್ಷೆಯಲ್ಲಿ ಕೆಂಪಿಗಿಂತ ನನ್ನನ್ನು ಕಾಡಿದ್ದು ಇಂಥ ನಕ್ಷೆಗಳಲ್ಲೆಲ್ಲ ಇರುವ ತಿಳಿಬಣ್ಣದ ಚೌಕಗಳು. ಅಲ್ಲಿ ಕಾಯಿಲೆ ಇಲ್ಲ ಎಂದೋ, ಇದೆ ಎಂದು ಯಾರೂ ಹೇಳಲಿಲ್ಲ ಎಂದೋ? ಸತ್ತ ಮಂಗವನ್ನು ಕಂಡವನು ಆಸ್ಪತ್ರೆಗೆ ತಿಳಿಸಿದರೆ, ಆಶಾ ಕಾರ್ಯಕರ್ತೆ ಜ್ವರದ ಮನೆಗೆ ನಡೆದುಹೋದರೆ ಅಲ್ಲೊಂದು ಚುಕ್ಕೆ ಬೀಳುತ್ತದೆ. ಇಲ್ಲವಾದರೆ ಇಲ್ಲ. ಚುಕ್ಕೆ ಬಿದ್ದರೂ ಅದು ರೋಗಿಯ ಮನೆ ಇರುವಲ್ಲಿ; ಉಣ್ಣೆ ಕಚ್ಚಿದ್ದು ಯಾವ ಗುಡ್ಡದಲ್ಲೋ. ಇದನ್ನು ಹುಡುಗನಿಗೆ ಹೇಳಿದರೆ, "ಅದಕ್ಕೆ ಬಯಾಸ್ ಅಂತೀವಿ ದೊಡ್ಡಪ್ಪ, ಕರೆಕ್ಟ್ ಮಾಡೋ ವಿಧಾನ ಇದೆ" ಎಂದ. ಇರಬಹುದು. ಆ ವಿಧಾನವೂ ಯಾರೋ ತಂದ ಸುದ್ದಿಯನ್ನೇ ತಿದ್ದಬೇಕಲ್ಲ.

ಎರಡು ಪುಟ ಮುಗಿದ ಮೇಲೆ ಅದನ್ನು ಸಾಗರದ ಕಡೆ ಇರುವ ನಮ್ಮ ಚಿಕ್ಕಮ್ಮನ ಮನೆಗೆ ಒಯ್ದು ಓದಿದೆವು. 2019ರಲ್ಲಿ ಅದೇ ತಾಲ್ಲೂಕಿನ ಅರಳಗೋಡಿನ ಸುತ್ತ ಸಾಲು ಸಾಲು ಸಾವಾದಾಗ, ಇವರ ಕಡೆಯವರೂ ತರಗೆಲೆ ತರುವುದನ್ನು ಬಿಟ್ಟಿದ್ದರು. ಈಗ ಮತ್ತೆ ತರುತ್ತಾರೆ. ಎಲೆ ಹಾಸದೆ ಕೊಟ್ಟಿಗೆಯಿಲ್ಲ, ಕೊಟ್ಟಿಗೆ ಗೊಬ್ಬರವಿಲ್ಲದೆ ಅಡಿಕೆ ತೋಟವಿಲ್ಲ. ಹೋಗುವ ಮೊದಲು ಇಲಾಖೆಯವರು ಕೊಟ್ಟ ಎಣ್ಣೆ ಕೈಕಾಲಿಗೆ ಹಚ್ಚಿಕೊಳ್ಳುತ್ತಾರೆ, ನೆನಪಾದರೆ.

ನಾನು 'ನಾಡತಳಿ ಜಾನುವಾರು ಸಾಂದ್ರತೆ' ಎಂದು ಓದಿದಾಗ ಚಿಕ್ಕಮ್ಮ ತಡೆದರು. "ಎಂಥದಾ ಅದು?"

"ಮಲೆನಾಡು ಗಿಡ್ಡ ಅಜ್ಜಿ. ಗಿಡ್ಡ ದನ ಜಾಸ್ತಿ ಇರೋ ಕಡೆ ಕಾಯಿಲೆ ಜಾಸ್ತಿ" ಎಂದ ಹುಡುಗ.

"ಹಂಗಲ್ಲ ಮಾರಾಯ. ಜರ್ಸಿ ಕಟ್ಟಿದೋರ ಮನೇಲಿ ದನ ಕೊಟ್ಟಿಗೆ ಬಿಟ್ಟು ಹೊರಗೆ ಹೋಗಲ್ಲ, ಹಿಂಡಿ ತಂದು ಹಾಕ್ತಾರೆ. ಹಿಂಡಿಗೆ ದುಡ್ಡಿಲ್ದೋರು ಗಿಡ್ಡನ್ನ ಕಾಡಿಗೆ ಬಿಡೋದು. ಅದು ಹೋದಲ್ಲಿ ಹುಡುಕ್ಕೊಂಡು ನಾವೂ ಹೋಗೋದು. ನೀನು ಗಿಡ್ಡ ಎಣಿಸಿದ್ಯೋ, ಬಡವರನ್ನ ಎಣಿಸಿದ್ಯೋ?"

ಹುಡುಗ ಪೆನ್ನು ತೆಗೆದು ಪ್ರಿಂಟ್‌ಔಟಿನ ಅಂಚಿನಲ್ಲಿ ಅದನ್ನು ಬರೆದುಕೊಂಡ. ಬಸ್ಸಿನಲ್ಲಿ ಹಿಂತಿರುಗುವಾಗ ಲ್ಯಾಪ್‌ಟಾಪ್ ತೆರೆದು ತನ್ನ ಪಟ್ಟಿಯನ್ನು ಬಹಳ ಹೊತ್ತು ನೋಡುತ್ತಿದ್ದ. ಮಳೆ, ಎತ್ತರ, ಕಾಡು, ದನ ಎಂದು ಕಾಲಮ್ಮುಗಳಿದ್ದವು. "ಹಿಂಡಿಯ ಕ್ರಯ ತಾಲ್ಲೂಕುವಾರು ಎಲ್ಲಿ ಸಿಗುತ್ತೆ ದೊಡ್ಡಪ್ಪ?" ಎಂದು ಕೇಳಿದ. ಹಾಲಿನ ಡೇರಿಯಲ್ಲಿ ವಿಚಾರಿಸು ಎಂದೆ. ಸ್ವಲ್ಪ ಹೊತ್ತಿನ ಮೇಲೆ, "ಅಜ್ಜಿಯ ಪೂರ್ತಿ ಹೆಸರೇನು?" ಎಂದ.