ಶವಪೆಟ್ಟಿಗೆ ಏನನ್ನು ಸಾರುತ್ತದೆ? ಒಂದು ವಿಮರ್ಶೆ

ಕಡೂರು, ತರೀಕೆರೆ, ಅಜ್ಜಂಪುರ ಸೀಮೆಯಲ್ಲಿ ಮೃತರನ್ನು ಹೂಳುವವರು ಕ್ರೈಸ್ತರು ಮಾತ್ರವಲ್ಲ. ಲಿಂಗಾಯತರು ದೇಹವನ್ನು ಕುಳಿತ ಭಂಗಿಯಲ್ಲಿರಿಸಿ ವಿಭೂತಿ, ಪತ್ರೆಗಳೊಡನೆ ಮಣ್ಣಿಗೊಪ್ಪಿಸುತ್ತಾರೆ. ಮುಸ್ಲಿಮರು ಬಿಳಿಯ ಕಫನ್‌ನಲ್ಲಿ ಸುತ್ತಿ ಹೂಳುತ್ತಾರೆ. ನೆರೆಯವರ ಕಣ್ಣಿಗೆ ಕ್ರೈಸ್ತ ಸಂಸ್ಕಾರವನ್ನು ಬೇರ್ಪಡಿಸಿ ತೋರಿಸುವುದು ಪೆಟ್ಟಿಗೆಯೇ. ಹೀಗಿರುವಾಗ ಅದು ಏನನ್ನು ಸಾರುತ್ತದೆಂಬ ಪ್ರಶ್ನೆಯನ್ನು ಬಡಗಿಗೂ ವ್ಯಾಪಾರಿಗೂ ಬಿಟ್ಟುಬಿಡುವುದು ಸಭೆಗೆ ತಕ್ಕದ್ದಲ್ಲ.

ಸತ್ಯವೇದದಲ್ಲಿ ಶವಪೆಟ್ಟಿಗೆಯ ಉಲ್ಲೇಖ ಅತಿ ವಿರಳ. ಅಬ್ರಹಾಮನು ಸಾರಳನ್ನು ಹೂಳಿದ್ದು ಮಕ್ಪೇಲದ ಗವಿಯಲ್ಲಿ. ಯೇಸುವಿನ ದೇಹವನ್ನು ನಾರುಮಡಿಯಲ್ಲಿ ಸುತ್ತಿ ಬಂಡೆಯ ಸಮಾಧಿಯಲ್ಲಿಟ್ಟರು (ಮಾರ್ಕ 15:46). ನಾಯಿನ್ ಊರಿನ ವಿಧವೆಯ ಮಗನು ಎದ್ದು ಕುಳಿತನೆಂಬುದರಿಂದಲೇ (ಲೂಕ 7:15) ಅವನನ್ನು ಹೊತ್ತದ್ದು ತೆರೆದ ಚಟ್ಟವೆಂದು ತಿಳಿಯುತ್ತದೆ. ಪೆಟ್ಟಿಗೆ ಸ್ಪಷ್ಟವಾಗಿ ಕಾಣುವುದು ಐಗುಪ್ತದಲ್ಲಿ ಸತ್ತ ಯೋಸೇಫನ ವೃತ್ತಾಂತದಲ್ಲಿ (ಆದಿಕಾಂಡ 50:26). ಅಲ್ಲಿ ಬರುವ 'ಅರೋನ್' ಎಂಬ ಹೀಬ್ರೂ ಪದವನ್ನೇ ಒಡಂಬಡಿಕೆಯ ಮಂಜೂಷಕ್ಕೂ ಬಳಸಲಾಗಿದೆ. ಎರಡೂ ಅರಣ್ಯದಲ್ಲಿ ಜನರೊಡನೆ ಸಾಗಿದವು. ಯೋಸೇಫನ ಎಲುಬುಗಳು ಕೊನೆಗೆ ಸೇರಿದ್ದು ಶೆಕೆಮಿನ ಮಣ್ಣನ್ನು (ಯೆಹೋಶುವ 24:32). ಪೆಟ್ಟಿಗೆಯ ಕೆಲಸ ಹೊತ್ತೊಯ್ಯುವುದು. ಕಾದಿಡುವ ಕೆಲಸ ದೇವರದು.

ಸಭೆಯ ಚರಿತ್ರೆಯೂ ಇದಕ್ಕೆ ಸಾಕ್ಷಿ. ಹಿಂದೆ ಇಂಗ್ಲೆಂಡಿನ ಅನೇಕ ಸಭೆಗಳಲ್ಲಿ ಬಡವರಿಗಾಗಿ ಒಂದೇ ಸಾಮಾನ್ಯ ಪೆಟ್ಟಿಗೆ ಇರುತ್ತಿತ್ತು. ಅದರಲ್ಲಿ ದೇಹವನ್ನು ಹೊತ್ತೊಯ್ದು, ಬಟ್ಟೆಯಲ್ಲಿ ಸುತ್ತಿದಂತೆಯೇ ಹೂಳಿ, ಪೆಟ್ಟಿಗೆಯನ್ನು ಮರಳಿ ತರುತ್ತಿದ್ದರು. 1784ರಲ್ಲಿ ಆಸ್ಟ್ರಿಯದ ಎರಡನೆಯ ಜೋಸೆಫ್ ಚಕ್ರವರ್ತಿ ಇಂತಹ ಮರುಬಳಕೆಯನ್ನು ರಾಜಾಜ್ಞೆಯಿಂದ ಹೇರಿದಾಗ ಜನ ಪ್ರತಿಭಟಿಸಿದರು. ಮರುವರ್ಷವೇ ಆಜ್ಞೆ ಹಿಂತೆಗೆಯಲ್ಪಟ್ಟಿತು. ಸರಳತೆ ಸಭೆಯ ಒಡಂಬಡಿಕೆಯಾಗಿ ಬರಬೇಕು, ಮೇಲಿನಿಂದ ಹೇರಿದರೆ ಅವಮಾನವಾಗುತ್ತದೆ.

ವಸ್ತುವಿನ ಮಾತು ಬಂದಾಗ ಇದೇ ಅಳತೆಗೋಲು. ಈ ಸೀಮೆಯ ಸುತ್ತಮುತ್ತ ಬೆಳೆಯುವ ಮಾವು, ನೀಲಗಿರಿ, ಕಾಫಿ ತೋಟಗಳ ನೆರಳಿಗೆ ಬೆಳೆಸಿದ ಸಿಲ್ವರ್ ಓಕ್ ಇವುಗಳ ಹಲಗೆ ಹೊರುವ ಭಾರವನ್ನು ತಾಳಿ, ಬಳಿಕ ಮಣ್ಣಿನಲ್ಲಿ ಕರಗುತ್ತದೆ. ಮಾವಿನ ಹಲಗೆಗೆ ಗೆದ್ದಲು ಬೇಗ ಹಿಡಿಯುವುದು ಮನೆಯ ಬಾಗಿಲಿಗೆ ದೋಷ, ಸಮಾಧಿಗೆ ದೋಷವಲ್ಲ. ತೇಗ, ಬೀಟೆಗಳ ಬೆಲೆ ಇರುವುದು ಅವುಗಳ ದೀರ್ಘ ಬಾಳಿಕೆಯಲ್ಲಿ; ಆ ಗುಣ ಇಲ್ಲಿ ವ್ಯರ್ಥ. ಪಾರ್ಟಿಕಲ್ ಬೋರ್ಡ್ ಅಗ್ಗವಾದರೂ ಅಂಟಿನ ರಾಸಾಯನಿಕವನ್ನು ಮಣ್ಣಿಗೆ ಬಿಡುತ್ತದೆ. ಸತುವಿನ ಒಳಪದರಕ್ಕೆ ವಿದೇಶದಿಂದ ವಿಮಾನದಲ್ಲಿ ದೇಹ ತರುವಾಗ ಅರ್ಥವಿದೆ. ಊರಿನ ಸಂಸ್ಕಾರಕ್ಕೆ ಅದು ಬೇಡ. ಗಾಳಿಯಾಡದ ಪೆಟ್ಟಿಗೆ ಕೊಳೆಯುವಿಕೆಯ ರೀತಿಯನ್ನು ಬದಲಿಸುತ್ತದೆಯೇ ಹೊರತು ಅದನ್ನು ತಡೆಯಲಾರದು. ಮಣ್ಣಿಗೆ ಮಣ್ಣೆಂದು ಉಚ್ಚರಿಸಿ, ಮಣ್ಣು ಸೋಕದಂತೆ ಮುಚ್ಚುವುದು ನಮ್ಮ ಮಾತನ್ನೇ ಅಲ್ಲಗಳೆದಂತೆ.

ಇಲ್ಲೊಂದು ಗಂಭೀರ ಆಕ್ಷೇಪವಿದೆ. ತಲೆಮಾರುಗಳಿಂದ ಬದುಕಿನಲ್ಲೂ ಸಾವಿನಲ್ಲೂ ಗೌರವ ವಂಚಿತರಾದ ದಲಿತ ಕುಟುಂಬಗಳಿಗೆ ಮೆರುಗಿನ ಪೆಟ್ಟಿಗೆ ಆಡಂಬರವಲ್ಲ, ಘನತೆಯ ಘೋಷಣೆ. ಇದನ್ನು ಬೋಧನೆಯಿಂದ ತಳ್ಳಿಹಾಕುವ ಹಕ್ಕು ನಮಗಿಲ್ಲ. ಆದರೆ ಆ ಘನತೆಯನ್ನು ಸಾಲ ಮಾಡಿ ಕೊಳ್ಳಬೇಕಾದ ಸ್ಥಿತಿಗೆ ಸಭೆಯೇ ಉತ್ತರ ಕೊಡಬೇಕು. ಬಡವರು ಮಾತ್ರ ಸರಳವಾಗಿರಬೇಕೆಂಬ ಉಪದೇಶ ಸುವಾರ್ತೆಯಲ್ಲ. ಮೊದಲು ಸರಳವಾಗಬೇಕಾದವರು ಅನುಕೂಲಸ್ಥರು ಮತ್ತು ಗುರುಗಳು.

ಇದಕ್ಕೆ ಮಾದರಿಗಳಿವೆ. ಆರ್ಚ್‌ಬಿಷಪ್ ಡೆಸ್ಮಂಡ್ ಟುಟು ತಮಗೆ ಅತ್ಯಂತ ಅಗ್ಗದ ಪೆಟ್ಟಿಗೆ ಸಾಕೆಂದಿದ್ದರು. 2022ರ ಜನವರಿ 1ರಂದು ಕೇಪ್‌ಟೌನಿನ ಆರಾಧನೆಯಲ್ಲಿದ್ದುದು ಹಗ್ಗದ ಹಿಡಿಕೆಯ ಸಾದಾ ಪೈನ್ ಪೆಟ್ಟಿಗೆ. ಪೋಪ್ ಫ್ರಾನ್ಸಿಸ್ 2024ರಲ್ಲಿ ಪರಿಷ್ಕರಿಸಿದ ವಿಧಿಯು ಪೋಪರಿಗಿದ್ದ ಮೂರು ಪೆಟ್ಟಿಗೆಗಳ ಪದ್ಧತಿಯನ್ನು ಕೈಬಿಟ್ಟಿತು. 2025ರ ಏಪ್ರಿಲ್‌ನಲ್ಲಿ ಅವರನ್ನು ಒಂದೇ ಮರದ ಪೆಟ್ಟಿಗೆಯಲ್ಲಿ ಹೂಳಲಾಯಿತು. ಅದಕ್ಕೂ ಸತುವಿನ ಒಳಪದರವಿತ್ತೆಂಬುದು ಈ ಸುಧಾರಣೆಯ ಮಿತಿ.

ನಮ್ಮ ಸಭೆಗಳು ಮಾಡಬಹುದಾದದ್ದು ಇಷ್ಟು: ಊರಿನ ಬಡಗಿಯಿಂದ ಸಾದಾ ಹಲಗೆಯ ಒಂದೇ ಮಾದರಿಯ ಪೆಟ್ಟಿಗೆ, ಅದರ ವೆಚ್ಚ ಸಭೆಯ ನಿಧಿಯಿಂದ, ಎಲ್ಲರಿಗೂ ಸಮನಾಗಿ, ಆರಾಧನೆಯಲ್ಲಿ ಅದರ ಮೇಲೆ ದೀಕ್ಷಾಸ್ನಾನದ ವಸ್ತ್ರವನ್ನು ನೆನಪಿಸುವ ಬಿಳಿಯ ಹೊದಿಕೆ. ಆ ಹೊದಿಕೆಯಡಿ ಎಸ್ಟೇಟಿನ ಒಡೆಯನ ಪೆಟ್ಟಿಗೆಯೂ ಕೂಲಿಯವನದೂ ಒಂದೇ ಆಗಿ ಕಾಣುತ್ತವೆ. ಈ ನಿರ್ಣಯವನ್ನು ಸಾವಿನ ಮನೆಯಲ್ಲಿ ಎತ್ತಬಾರದು. ಪುನರುತ್ಥಾನದ ಹಬ್ಬದ ಕಾಲದಲ್ಲಿ, ಸಭೆಯ ಪೂರ್ಣ ಕೂಟದಲ್ಲಿ ಚರ್ಚಿಸಿ ಕೈಗೊಳ್ಳಬೇಕು.