ಸುತ್ತೋಲೆಯ ಗದ್ಯ

ಕತೆ, ಕವನ, ಕಾದಂಬರಿಗಳಿಗೆ ನಮ್ಮಲ್ಲಿ ವಿಮರ್ಶಕರಿದ್ದಾರೆ. ನಾಟಕಕ್ಕೂ ಇದ್ದಾರೆ, ಸಿನಿಮಾಕ್ಕಂತೂ ಲೆಕ್ಕವಿಲ್ಲ. ಆದರೆ ನಾಡಿನ ಸಾವಿರಾರು ಶಾಲೆಗಳಲ್ಲಿ ದಿನ ಬೆಳಗಾದರೆ ಓದಲೇಬೇಕಾದ ಕನ್ನಡ ಗದ್ಯವೊಂದಿದೆ. ಅದನ್ನು ಯಾರಾದರೂ ವಿಮರ್ಶೆಗೆ ಎತ್ತಿಕೊಂಡದ್ದನ್ನು ನಾವು ಕಂಡಿಲ್ಲ. ಅದು ಶಿಕ್ಷಣ ಇಲಾಖೆಯ ಸುತ್ತೋಲೆ. ಕತೆಗಾರರು ಭಾಷೆಯ ಕೆಲಸದವರು. ಭಾಷೆ ಎಲ್ಲಿ ಜನರ ಅನ್ನ, ಅಕ್ಷರ, ನೌಕರಿಗಳ ಮೇಲೆ ಕೈಯಾಡಿಸುತ್ತದೆಯೋ ಅಲ್ಲಿ ಅದನ್ನು ಓದಿ ನೋಡುವುದು ನಮ್ಮ ಕೆಲಸವೂ ಹೌದು ಎಂದುಕೊಂಡು ಈ ಮಾತು ಬರೆಯುತ್ತಿದ್ದೇವೆ.

ಹುನಗುಂದ ತಾಲೂಕಿನ ಕಮತಗಿಯನ್ನೇ ತೆಗೆದುಕೊಳ್ಳೋಣ. ನೇಕಾರರ ಊರು. ಮಗ್ಗದ ಸದ್ದಿನ ನಡುವೆಯೇ ಮಕ್ಕಳು ಕಂಡಿಕೆ ಸುತ್ತುತ್ತ ಬೆಳೆಯುವ ಓಣಿಗಳು. ಇಂಥ ಊರಿನ ಶಾಲೆಗೆ ಬೆಂಗಳೂರಿನಿಂದ ಹೊರಟ ಒಂದು ಸುತ್ತೋಲೆ ಬಂದು ಮುಟ್ಟಬೇಕಾದರೆ ಧಾರವಾಡದ ಅಪರ ಆಯುಕ್ತರು, ಬಾಗಲಕೋಟೆಯ ಉಪನಿರ್ದೇಶಕರು, ಹುನಗುಂದದ ಕ್ಷೇತ್ರ ಶಿಕ್ಷಣಾಧಿಕಾರಿ, ಆಮೇಲೆ ಸಿಆರ್‌ಪಿ, ಹೀಗೆ ಒಂದೊಂದು ಕಟ್ಟೆ ಇಳಿದು ಬರಬೇಕು. ಪ್ರತಿ ಕಟ್ಟೆಯಲ್ಲಿ ಅದಕ್ಕೊಂದು ಹೊಸ ಮುಖಪತ್ರ, ಹೊಸ ಉಲ್ಲೇಖ, ಹೊಸ ಕ್ರಮಸಂಖ್ಯೆ. ಈಗ ಎಲ್ಲ ವಾಟ್ಸಾಪಿನಲ್ಲಿ ಬರುವುದರಿಂದ ದಾರಿ ಬೇಗ ಸವೆಯುತ್ತದೆ ನಿಜ. ಆದರೆ ಗಡುವು ಅದಕ್ಕಿಂತ ಬೇಗ ಸವೆಯುತ್ತದೆ. ಮಧ್ಯಾಹ್ನ ಬಂದ ಪಿಡಿಎಫ್‌ಗೆ ಸಂಜೆಯೊಳಗೆ ಮಾಹಿತಿ ಕಳಿಸಬೇಕು. ಉರ್ದುವಿನಲ್ಲಿ ಸುತ್ತೋಲೆಗೆ ಗಶ್ತಿ ಮುರಾಸಲಾ ಎನ್ನುತ್ತಾರೆ. ಗಶ್ತ್ ಎಂದರೆ ತಿರುಗಾಟ, ಪಹರೆಯವನ ರಾತ್ರಿ ಸುತ್ತು. ಕನ್ನಡದ ಓಲೆಯೂ ಸುತ್ತುತ್ತದೆ, ಉರ್ದುವಿನ ಮುರಾಸಲೆಯೂ ಸುತ್ತುತ್ತದೆ. ಎರಡೂ ಭಾಷೆಯಲ್ಲಿ ಕಲಿತ ನಮಗೆ ಎರಡರಲ್ಲೂ ಪಹರೆಯವನ ಬೂಟಿನ ಸದ್ದೇ ಮೊದಲು ಕೇಳಿಸುವುದು.

ಮೊದಲು ವ್ಯಾಕರಣ ನೋಡೋಣ. "ಸೂಚಿಸಲಾಗಿದೆ", "ತಿಳಿಸಲಾಗಿದೆ", "ಆದೇಶಿಸಲಾಗಿದೆ". ಯಾರು ಸೂಚಿಸಿದರು? ಕರ್ತೃಪದವಿಲ್ಲ. "ಸೂಕ್ತ ಕ್ರಮ ವಹಿಸುವುದು". ಯಾರು, ಯಾವುದು ಸೂಕ್ತ? ಅದೂ ಇಲ್ಲ. ಪುಟದ ಕೊನೆಯ ಸಾಲಿಗೆ ಬಂದಾಗ ಮಾತ್ರ ಕರ್ತೃ ಥಟ್ಟನೆ ಪ್ರತ್ಯಕ್ಷನಾಗುತ್ತಾನೆ: ತಪ್ಪಿದಲ್ಲಿ ಸಂಬಂಧಿಸಿದ ಮುಖ್ಯ ಗುರುಗಳೇ ನೇರ ಹೊಣೆಗಾರರು. ಕೊಡುವಾಗ ಕೊಟ್ಟವರ ಹೆಸರಿಲ್ಲ, ಹೊರಿಸುವಾಗ ಹೊರುವವರ ವಿಳಾಸ ಸ್ಪಷ್ಟ. ಇದನ್ನು ಕೇವಲ ಶೈಲಿಯ ದೋಷವೆಂದು ಬಿಡುವಂತಿಲ್ಲ. ಇಲಾಖೆ ತನ್ನನ್ನೂ ಶಿಕ್ಷಕರನ್ನೂ ಹೇಗೆ ಕಂಡಿದೆ ಎಂಬುದು ಈ ವಾಕ್ಯರಚನೆಯಲ್ಲೇ ಇದೆ.

ಇಲಾಖೆಗೆ ಬೇರೆ ಕನ್ನಡ ಬರುವುದೇ ಇಲ್ಲ ಎಂದೇನೂ ಅಲ್ಲ. ಬಿಸಿಯೂಟ 2002ರ ಜೂನ್‌ನಲ್ಲಿ ಮೊದಲು ಶುರುವಾದ ಏಳು ಜಿಲ್ಲೆಗಳಲ್ಲಿ ಬಾಗಲಕೋಟೆಯೂ ಒಂದು. ಅದಕ್ಕೆ ಇಟ್ಟ ಹೆಸರು 'ಅಕ್ಷರ ದಾಸೋಹ'. ಇದೇ ಹುನಗುಂದ ಸೀಮೆಯ ಕೂಡಲಸಂಗಮದ ನೆನಪಿರುವ ಮಾತು. ಉಣ್ಣುವವರನ್ನು ಕೆಳಗೆ ಕೂಡಿಸದ ಮಾತು. ನಮ್ಮ ದರ್ಗಾಗಳ ಲಂಗರ್ ಕಂಡವರಿಗೆ ಅದನ್ನು ಬಿಡಿಸಿ ಹೇಳಬೇಕಿಲ್ಲ. ಹನ್ನೊಂದು ವರ್ಷದ ಮೇಲೆ, 2013ರಲ್ಲಿ, ಶಾಲೆಯ ಮಕ್ಕಳಿಗೆ ಹಾಲು ಬಂತು. ಒಳ್ಳೆಯದೇ. ಆದರೆ ಅದರ ಹೆಸರು 'ಕ್ಷೀರಭಾಗ್ಯ'. ಹಾಲು ಎಂಬ ಎರಡಕ್ಷರ ಏನು ತಪ್ಪು ಮಾಡಿತ್ತೋ! ಅದಿರಲಿ, ಭಾಗ್ಯ ಎಂದರೆ ಅದೃಷ್ಟ. ಇದ್ದವರಿಗೆ ಉಂಟು, ಇಲ್ಲದವರಿಗೆ ಇಲ್ಲ. 2009ರ ಶಿಕ್ಷಣ ಹಕ್ಕು ಕಾಯ್ದೆ ಬಂದ ಮೇಲೂ ಮಗುವಿನ ಪಾಲಿನದನ್ನು ಭಾಗ್ಯವೆಂದು ಕರೆಯುವುದು ನಮಗೆ ಸರಿ ಕಾಣುವುದಿಲ್ಲ. ಹಕ್ಕು ಎಂಬ ಪದ ಅರಬ್ಬಿಯ ಹಕ್‌ನಿಂದ ಬಂದು ಕನ್ನಡದ್ದೇ ಆಗಿಹೋಗಿದೆ. ಅದನ್ನು ಬಳಸಲು ಹಿಂಜರಿಕೆ ಏಕೆ?

ಈಗ 'ಅವಕಾಶ'ಗಳ ಮಾತು. ಸುತ್ತೋಲೆಯ ಗದ್ಯದಲ್ಲಿ ಅತಿ ಹೆಚ್ಚು ಆಸೆ ಹುಟ್ಟಿಸುವ ಶಬ್ದ ಇದು. ನಮ್ಮ ಸಮುದಾಯಕ್ಕೆ ಮರೆಯಲಾಗದ ಒಂದು ಉದಾಹರಣೆಯಿದೆ. ಸಾಚಾರ್ ಸಮಿತಿಯ ವರದಿ ಬಂದದ್ದು 2006ರಲ್ಲಿ. ಅದರ ಬೆನ್ನಿಗೆ 2008ರಲ್ಲಿ ಅಲ್ಪಸಂಖ್ಯಾತ ಮಕ್ಕಳಿಗೆ ಕೇಂದ್ರದ ಮೆಟ್ರಿಕ್ ಪೂರ್ವ ವಿದ್ಯಾರ್ಥಿವೇತನ ಆರಂಭವಾಯಿತು. ಮನೆಯಿಂದ ಬಂದುಹೋಗುವ ಸಣ್ಣ ತರಗತಿಯ ಮಗುವಿಗೆ ವರ್ಷಕ್ಕೆ ಸಾವಿರ ರೂಪಾಯಿಯ ಆಸುಪಾಸು. ದೊಡ್ಡ ಹಣವಲ್ಲ. ಆದರೆ ಮಗ್ಗದ ಕೂಲಿಯ ಮನೆಯಲ್ಲಿ ಅದು ಒಂದು ಜೊತೆ ಚಪ್ಪಲಿ, ಎರಡು ಜೊತೆ ಬಟ್ಟೆ, ಒಂದಿಷ್ಟು ನೋಟ್‌ಬುಕ್ಕು.

ಆ ಸಾವಿರಕ್ಕೆ ಶಿಕ್ಷಕರು, ತಾಯಂದಿರು ಪಡುತ್ತಿದ್ದ ಪಾಡನ್ನು ನಾವು ಹತ್ತಿರದಿಂದ ನೋಡಿದ್ದೇವೆ. ನಾಡಕಚೇರಿಗೆ ಹೋಗಿ ಆದಾಯ ಪ್ರಮಾಣಪತ್ರ ತರಬೇಕು. ಅಂದರೆ ಒಂದು ದಿನದ ಕೂಲಿ ಹೋಯಿತು. ಬ್ಯಾಂಕಿನಲ್ಲಿ ಖಾತೆ ತೆರೆಯಬೇಕು; ಇನ್ನೊಂದು ದಿನ. ಆಮೇಲೆ ಹೆಸರಿನ ಜಗಳ. ಶಾಲೆಯ ದಾಖಲಾತಿಯಲ್ಲಿ ಮಾಸ್ತರರು ಕನ್ನಡದಲ್ಲಿ 'ಮಹಮ್ಮದ' ಎಂದು ಬರೆದಿರುತ್ತಾರೆ, ಆಧಾರಿನಲ್ಲಿ 'ಮೊಹಮ್ಮದ್', ಬ್ಯಾಂಕಿನ ಪುಸ್ತಕದಲ್ಲಿ ಬರೀ 'ಎಂ.ಡಿ.' ಒಬ್ಬನೇ ಹುಡುಗ, ಕಂಪ್ಯೂಟರಿನ ಕಣ್ಣಿಗೆ ಮೂವರು. ಅರ್ಜಿ ತಿರಸ್ಕೃತ. ಮತ್ತೆ ತಿದ್ದುಪಡಿ, ಮತ್ತೆ ಸರತಿ. "ಮಾಸ್ತರ್, ರೊಕ್ಕಾ ಯಾವಾಗ ಬರತೈತ್ರಿ?" ಎಂದು ಬಾಗಿಲಲ್ಲಿ ನಿಂತು ಕೇಳುವ ತಾಯಿಗೆ ಉತ್ತರ ಹೇಳಬೇಕಾದವರು ಅರ್ಜಿ ತುಂಬಿದ ಮಾಸ್ತರರೇ ಹೊರತು ಯೋಜನೆ ಮಾಡಿದವರಲ್ಲ.

2022ರಲ್ಲೂ ಹಾಗೇ ಅರ್ಜಿಗಳು ಹೋದವು. ತುಂಬಿಸುವ ಕೆಲಸ ಮುಗಿಯುತ್ತ ಬಂದಿದ್ದಾಗ, ನವೆಂಬರ್ ತಿಂಗಳ ಕೊನೆಯಲ್ಲಿ, ಕೇಂದ್ರದ ಸೂಚನೆ ಬಂತು: ಇನ್ನು ಈ ವಿದ್ಯಾರ್ಥಿವೇತನ 9 ಮತ್ತು 10ನೇ ತರಗತಿಗೆ ಮಾತ್ರ. 1ರಿಂದ 8ರವರೆಗೆ ಕಡ್ಡಾಯ ಉಚಿತ ಶಿಕ್ಷಣವನ್ನು ಕಾಯ್ದೆಯೇ ಕೊಡುತ್ತಿದೆಯಲ್ಲ ಎಂಬುದು ಕಾರಣ. ಪರಿಶಿಷ್ಟರ ಯೋಜನೆಗಳೂ 9, 10ಕ್ಕೇ ಇವೆ ಎಂಬುದು ಅದಕ್ಕೆ ಸಮರ್ಥನೆ. ವಾದವಾಗಿ ಇದನ್ನು ಚರ್ಚಿಸಬಹುದು. ಆದರೆ ಗದ್ಯವಾಗಿ ನೋಡಿ. ಅರ್ಜಿ ಹಾಕಿದ ಮಗುವಿಗೆ ಅದರಲ್ಲಿ ಒಂದು ಮಾತಿಲ್ಲ. ಕೂಲಿ ಕಳೆದುಕೊಂಡ ತಾಯಿಗೆ ಇಲ್ಲ. ಬಾಗಿಲಲ್ಲಿ ಉತ್ತರ ಹೇಳಬೇಕಾದ ಶಿಕ್ಷಕರಿಗೂ ಇಲ್ಲ. 9, 10ರ ಅರ್ಜಿಗಳನ್ನು ಮಾತ್ರ ಪರಿಶೀಲಿಸುವುದು ಎಂಬಲ್ಲಿಗೆ ಮುಗಿಯಿತು. ಉಚಿತ ಶಿಕ್ಷಣ ಎಂದರೆ ಶುಲ್ಕವಿಲ್ಲ ಎಂದಷ್ಟೆ. ಕಂಡಿಕೆ ಸುತ್ತಿದರೆ ಮನೆಗೆ ಬರುವ ನಾಲ್ಕು ಕಾಸನ್ನು ಬಿಟ್ಟು ಮಗು ಶಾಲೆಯಲ್ಲಿ ಕೂತಿದೆಯಲ್ಲ, ಆ ಲೆಕ್ಕ ಸೂಚನೆ ಬರೆದವರಿಗೆ ಹೊಳೆಯಲಿಲ್ಲ. ಆಮೇಲೆ ರಾಜ್ಯ ಸರ್ಕಾರ ತನ್ನ ಪಾಲಿನಿಂದ ಏನು ಕೊಟ್ಟಿತು, ಎಷ್ಟು ಕೊಟ್ಟಿತು ಎಂಬುದು ಬೇರೆ ಮಾತು.

ಶಿಕ್ಷಕರಾಗಬೇಕೆಂದವರ ಅವಕಾಶದ ಕತೆ ಇದಕ್ಕಿಂತ ಸ್ವಲ್ಪ ಭಿನ್ನ. 2022ರಲ್ಲಿ 6ರಿಂದ 8ನೇ ತರಗತಿಗೆ 15,000 ಪದವೀಧರ ಶಿಕ್ಷಕರ ನೇಮಕಕ್ಕೆ ಪರೀಕ್ಷೆ ನಡೆಯಿತು. ತಾತ್ಕಾಲಿಕ ಆಯ್ಕೆಪಟ್ಟಿಗೆ ಬಂದವರು 13,363. ಮದುವೆಯಾದ ಹೆಣ್ಣುಮಕ್ಕಳ ಜಾತಿ, ಆದಾಯ ಪ್ರಮಾಣಪತ್ರ ತಂದೆಯ ಕಡೆಯಿಂದಲೋ ಗಂಡನ ಕಡೆಯಿಂದಲೋ ಎಂಬ ಪ್ರಶ್ನೆ ಹೈಕೋರ್ಟಿನ ತನಕ ಹೋಯಿತು. ಅರ್ಜಿಯ ನಮೂನೆಯಲ್ಲಿ ಎರಡು ಸಾಲು ಕನ್ನಡ ಸ್ಪಷ್ಟವಾಗಿ ಬರೆದಿದ್ದರೆ ಎಷ್ಟೋ ಮನೆಗಳ ನಿದ್ದೆ ಉಳಿಯುತ್ತಿತ್ತು. ಆ 15,000ದಲ್ಲಿ 5,000 ಹುದ್ದೆ ಕಲ್ಯಾಣ ಕರ್ನಾಟಕಕ್ಕೆ. ಇಳಕಲ್ಲಿನಿಂದ ಬಸ್ಸು ಹತ್ತಿದರೆ ಸ್ವಲ್ಪ ಹೊತ್ತಿನಲ್ಲೇ ಕುಷ್ಟಗಿ. ಅಲ್ಲಿ 371ಜೆ ಇದೆ, ಇಲ್ಲಿಲ್ಲ. ಒಂದು ಕಾಲಕ್ಕೆ ಅದು ನಿಜಾಮರ ಸೀಮೆ, ಇದು ಮುಂಬೈ ಪ್ರಾಂತ್ಯ. ಆ ಗೆರೆ ಇವತ್ತಿಗೂ ನೌಕರಿಯ ನಕಾಶೆಯಲ್ಲಿ ಹಾಗೇ ಇದೆ. ಅಲ್ಲಿನವರಿಗೆ ಸಿಕ್ಕಿದ್ದು ತಡವಾಗಿ ಸಿಕ್ಕ ನ್ಯಾಯ, ಅದಕ್ಕೆ ಹೊಟ್ಟೆಕಿಚ್ಚು ಪಡುವವರು ನಾವಲ್ಲ. ಆದರೆ ಹುನಗುಂದದ ಮಳೆಯಿಲ್ಲದ ಹೊಲಕ್ಕೂ ಕುಷ್ಟಗಿಯ ಮಳೆಯಿಲ್ಲದ ಹೊಲಕ್ಕೂ ಮೋಡ ವ್ಯತ್ಯಾಸ ಮಾಡುವುದಿಲ್ಲ ಎಂದು ಯಾರಾದರೂ ಹೇಳಬೇಕಲ್ಲ.

ಉರ್ದು ಶಾಲೆಗಳ ಹುದ್ದೆಗಳ ವಿಷಯದಲ್ಲಿ 'ಮಂಜೂರು' ಎಂಬ ಶಬ್ದವನ್ನು ನಾವು ಸ್ವಲ್ಪ ನಿಂತು ಓದುತ್ತೇವೆ. ಮಂಜೂರು ನಜರ್‌ನ ಬಳಗದ್ದು. ಮೂಲದಲ್ಲಿ 'ಕಣ್ಣಿಗೆ ಬಿದ್ದದ್ದು' ಎಂದರ್ಥ. ಹುದ್ದೆ ಮಂಜೂರಾಗಿರುತ್ತದೆ, ಮೀಸಲಾತಿಯ ರೋಸ್ಟರ್ ಬಿಂದುವಿಗೆ ಉರ್ದು ಬಲ್ಲ ಅಭ್ಯರ್ಥಿ ಸಿಗುವುದಿಲ್ಲ, ಹುದ್ದೆ ಖಾಲಿ ಉಳಿಯುತ್ತದೆ, ಆ ಖಾಲಿಯಲ್ಲಿ ಅತಿಥಿ ಶಿಕ್ಷಕಿಯೊಬ್ಬರು ವರ್ಷಗಟ್ಟಲೆ ಪಾಠ ಮಾಡುತ್ತಾರೆ. ಅತಿಥಿ! ನಮ್ಮ ಮನೆಗಳಲ್ಲಿ ಮೆಹಮಾನ್ ಬಂದರೆ ಮೊದಲ ತಟ್ಟೆ ಅವರಿಗೆ. ಇಲಾಖೆಯ ಮನೆಯಲ್ಲಿ ಅತಿಥಿಗೆ ಗೌರವಧನ ತಿಂಗಳು ತಿಂಗಳು ಬಂದರೆ ಅದೇ ಹಬ್ಬ.

ಖಾಯಂ ಇದ್ದವರ ನೆಮ್ಮದಿಗೂ ಈಗ ಅಲುಗಾಟ ಬಂದಿದೆ. 2025ರ ಸೆಪ್ಟೆಂಬರ್ 1ರಂದು ಸುಪ್ರೀಂ ಕೋರ್ಟು, ಸೇವೆ ಐದು ವರ್ಷಕ್ಕಿಂತ ಹೆಚ್ಚು ಉಳಿದಿರುವ ಶಿಕ್ಷಕರೂ ಎರಡು ವರ್ಷದೊಳಗೆ ಅರ್ಹತಾ ಪರೀಕ್ಷೆ ಪಾಸಾಗಬೇಕೆಂದು ತೀರ್ಪಿತ್ತಿತು. ಅಲ್ಪಸಂಖ್ಯಾತ ಸಂಸ್ಥೆಗಳ ಪ್ರಶ್ನೆಯನ್ನು ಮಾತ್ರ ದೊಡ್ಡ ಪೀಠಕ್ಕೆ ಬಿಟ್ಟಿತು. ಗುಣಮಟ್ಟ ಬೇಕೆಂಬುದರಲ್ಲಿ ನಮಗೆ ತಕರಾರಿಲ್ಲ. ಆದರೆ ಓದಿಕೊಳ್ಳಲು ಹೊತ್ತೆಲ್ಲಿ? ಅದೇ ತಿಂಗಳ 22ರಿಂದ ಹಿಂದುಳಿದ ವರ್ಗಗಳ ಆಯೋಗದ ಸಮೀಕ್ಷೆ ಶುರುವಾಯಿತು. ಅರವತ್ತು ಪ್ರಶ್ನೆಗಳ ಪಟ್ಟಿ ಹಿಡಿದು ಮನೆ ಮನೆ ತಿರುಗಿದವರು ಬಹುಪಾಲು ಶಿಕ್ಷಕರೇ. ದಸರಾ ರಜೆಯಲ್ಲಿ ಮುಗಿಯಲಿಲ್ಲವೆಂದು ಸರ್ಕಾರಿ, ಅನುದಾನಿತ ಶಾಲೆಗಳ ರಜೆಯನ್ನೇ ಅಕ್ಟೋಬರ್ 18ರವರೆಗೆ ಹಿಗ್ಗಿಸಲಾಯಿತು. 'ಹಿಗ್ಗಿಸಲಾಯಿತು', ನೋಡಿ, ನಮಗೂ ಆ ಗದ್ಯ ಅಂಟಿತು! ಶಿಕ್ಷಣ ಹಕ್ಕು ಕಾಯ್ದೆಯ 27ನೇ ಕಲಮು ಶಿಕ್ಷಕರನ್ನು ಬೇರೆ ಕೆಲಸಕ್ಕೆ ಹಚ್ಚಬಾರದೆನ್ನುತ್ತದೆ. ಹತ್ತು ವರ್ಷದ ಜನಗಣತಿ, ವಿಪತ್ತು ಪರಿಹಾರ, ಚುನಾವಣೆ ಈ ಮೂರಕ್ಕೆ ಮಾತ್ರ ವಿನಾಯಿತಿ. ಸಮೀಕ್ಷೆ ಆ ಮೂರರಲ್ಲಿಲ್ಲ. ಪ್ರವರ್ಗ 2ಬಿಯಲ್ಲಿರುವ ನಮಗೆ ಆ ಸಮೀಕ್ಷೆಯ ಅಂಕಿ ಅಂಶ ಬೇಕೇ ಬೇಕು, ಆ ಕುರಿತು ಎರಡು ಮಾತಿಲ್ಲ. ಆದರೆ ಅದಕ್ಕೆ ತೆತ್ತದ್ದು ಸರ್ಕಾರಿ ಶಾಲೆಯ ಮಗುವಿನ ಪಾಠದ ದಿನಗಳನ್ನು. ಅಂದರೆ ನಮ್ಮ ಹಿಂದುಳಿದಿರುವಿಕೆಯನ್ನು ಎಣಿಸಲು ನಮ್ಮ ಮಕ್ಕಳನ್ನೇ ಇನ್ನಷ್ಟು ದಿನ ಹಿಂದೆ ನಿಲ್ಲಿಸಿದಂತಾಯಿತು. ಖಾಸಗಿ ಶಾಲೆಯ ಮಗುವಿಗೆ ಆ ರಜೆಯಿರಲಿಲ್ಲ.

ಇಲಾಖೆ ಶಿಕ್ಷಕರೊಡನೆ ಬೇರೆ ಧ್ವನಿಯಲ್ಲಿ ಮಾತಾಡಿದ ಕಾಲವೂ ಇತ್ತು, ಅದೂ ಇದೇ ಸೀಮೆಯಲ್ಲಿ. ಮುಂಬೈ ಪ್ರಾಂತ್ಯದ ಕನ್ನಡ ಜಿಲ್ಲೆಗಳ ಶಾಲೆಗಳಲ್ಲಿ ಮರಾಠಿಯೇ ಮೆರೆಯುತ್ತಿದ್ದ ದಿನಗಳಲ್ಲಿ ಕನ್ನಡ ಶಾಲೆ ತೆರೆಸಲು ಊರೂರು ತಿರುಗಿದ ಅಧಿಕಾರಿ ಡೆಪ್ಯುಟಿ ಚನ್ನಬಸಪ್ಪ. ಹುದ್ದೆಯ ಹೆಸರೇ ಪ್ರೀತಿಯಿಂದ ಮನುಷ್ಯನ ಹೆಸರಿಗೆ ಅಂಟಿಕೊಂಡದ್ದು ನಮ್ಮ ಶಿಕ್ಷಣ ಚರಿತ್ರೆಯಲ್ಲಿ ಅಪರೂಪ. ಅವರ ಕಾಲದಲ್ಲಿ, 1860ರ ದಶಕದಲ್ಲಿ, ಮಾಸ್ತರರಿಗೆಂದೇ 'ಮಠಪತ್ರಿಕೆ' ಹೊರಟಿತು. ಅಂದು ಶಾಲೆಗೆ ಮಠವೆಂದೇ ಹೆಸರು. ಮುಂದೆ ಅದು 'ಶಾಲಾಪತ್ರಿಕೆ'ಯಾಯಿತು, ವೆಂಕಟ ರಂಗೋ ಕಟ್ಟಿಯಂಥ ವಿದ್ವಾಂಸರು ಅದರ ಸಂಪಾದಕರಾಗಿದ್ದರು, ಆಮೇಲೆ ಧಾರವಾಡದ 'ಜೀವನ ಶಿಕ್ಷಣ'ವಾಗಿ ಮುಂದುವರಿಯಿತು. ಪತ್ರಿಕೆಗೂ ಸುತ್ತೋಲೆಗೂ ಇರುವ ವ್ಯತ್ಯಾಸ ಸಣ್ಣದಲ್ಲ. ಪತ್ರಿಕೆಗೆ ಹಳ್ಳಿಯ ಮಾಸ್ತರರೂ ಬರೆಯಬಹುದು. ಸುತ್ತೋಲೆಗೆ ಅವರು 'ಅನುಪಾಲನಾ ವರದಿ' ಮಾತ್ರ ಸಲ್ಲಿಸಬಹುದು. ಹೋಲಿಸುವಾಗ ಒಂದು ಮಾತು: ಆಗ ಶಾಲೆಗೆ ಬರುತ್ತಿದ್ದವರೆಷ್ಟು, ಯಾರ ಮನೆಯ ಮಕ್ಕಳು ಎಂಬುದನ್ನು ಮರೆತು ಹಳೆಯದನ್ನೆಲ್ಲ ಹೊಗಳುವುದು ನಮ್ಮ ಉದ್ದೇಶವಲ್ಲ. ಇಂದು ನೇಕಾರನ ಮಗಳು, ಗುಳೆ ಹೋಗಿ ಬಂದ ಕೂಲಿಯ ಮಗ ಶಾಲೆಯಲ್ಲಿದ್ದಾರೆ. ಅವರು ಬಂದು ಕೂತ ಮೇಲೆಯೇ ಇಲಾಖೆಯ ಮಾತು ಇಷ್ಟು ಒಣಗಿದ್ದೇಕೆ ಎಂಬುದು ನಮ್ಮ ಪ್ರಶ್ನೆ.

ಪ್ರತಿ ಸುತ್ತೋಲೆಯ ಕೆಳಗೆ 'ಪ್ರತಿಗಳು' ಎಂಬ ಪಟ್ಟಿಯಿರುತ್ತದೆ. ಆಯುಕ್ತರ ಮಾಹಿತಿಗಾಗಿ, ನಿರ್ದೇಶಕರ ಅವಗಾಹನೆಗಾಗಿ, ಉಪನಿರ್ದೇಶಕರ ಮುಂದಿನ ಕ್ರಮಕ್ಕಾಗಿ, ಕೊನೆಗೆ ಕಚೇರಿ ಪ್ರತಿ. ಆ ಕಚೇರಿ ಪ್ರತಿಗಿಂತ ಒಂದು ಸಾಲು ಮೇಲೆ ಜಾಗವಿದೆ. ಅಲ್ಲಿ ಹೀಗೆ ಬರೆಯಬಹುದು: ಎಸ್‌ಡಿಎಂಸಿ ಅಧ್ಯಕ್ಷರಿಗೆ, ಪಾಲಕರ ಸಭೆಯಲ್ಲಿ ಅವರಿಗೆ ತಿಳಿಯುವ ಭಾಷೆಯಲ್ಲಿ ಓದಿ ಹೇಳುವ ಸಲುವಾಗಿ. ಬರೆಯುವ ಗುಮಾಸ್ತರಿಗೆ ತನ್ನ ವಾಕ್ಯ ಕಮತಗಿಯ ಓಣಿಯೊಂದರಲ್ಲಿ ಜೋರಾಗಿ ಓದಲ್ಪಡುತ್ತದೆ ಎಂದು ಗೊತ್ತಾದರೆ, ಎರಡನೆಯ ಕರಡಿನಲ್ಲಿ ಕರ್ತೃಪದ ತಾನಾಗಿ ಬಂದು ಕೂರುತ್ತದೆ.